ಹನ್ನೊಂದು ಶಾಲು

ಬೆಳಗ್ಗೆ ಏಳು ಗಂಟೆಗೆ ನಮ್ಮ ನಾಟಕ ತಂಡದ ಕಾರ್ಯದರ್ಶಿ ಫೋನ್ ಮಾಡಿ, "ಸಾರ್, ನಿಮ್ಮನೇಲಿ ಶಾಲು ಎಷ್ಟಿವೆ?" ಎಂದರು. ನನಗಿನ್ನೂ ಕಾಫಿ ಆಗಿರಲಿಲ್ಲ. ಪಾಪ, ಚಳಿ ಹತ್ತಿದೆಯೇನೋ ಅಂದುಕೊಂಡು, "ಶಾಲು ಯಾಕೆ, ಒಳ್ಳೆ ರಗ್ಗೇ ಇದೆ, ಕಳಿಸ್ತೀನಿ" ಎಂದೆ. "ಅಯ್ಯೋ, ಹೊದ್ಕೊಳ್ಳೋದಲ್ಲ ಸಾರ್, ಹೊದಿಸೋದು!" ಎಂದರು.

ಈ ಎರಡಕ್ಕೂ ಇರುವ ವ್ಯತ್ಯಾಸ ಕರ್ನಾಟಕದಲ್ಲಿ ಒಂದೇ ಒಂದು ಸಭೆಗೆ ಹೋಗಿ ಕೂತವರಿಗೂ ಗೊತ್ತು. ಹೊದ್ದುಕೊಳ್ಳುವ ಶಾಲಿಗೆ ಉಣ್ಣೆ ಬೇಕು, ಹೊದಿಸುವ ಶಾಲಿಗೆ ಜರಿ ಅಂಚೊಂದಿದ್ದರೆ ಸಾಕು. ಅದು ಚಳಿ ತಡೆಯುವುದಿಲ್ಲ, ಬೆವರು ಹೀರುವುದಿಲ್ಲ, ತಲೆ ಒರೆಸಿಕೊಂಡರೆ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಮೈಮೇಲೆ ಅದರ ಆಯುಷ್ಯ ಫೋಟೊ ಕ್ಲಿಕ್ಕಾಗುವ ತನಕ. ಆಮೇಲೆ ನಾಲ್ಕು ಮಡಿಕೆಯಾಗಿ ಪ್ಲಾಸ್ಟಿಕ್ ಚೀಲ ಸೇರಿ, ಚೀಲ ಬೀರು ಸೇರಿ, ಬೀರುವಿನಿಂದ ಅಟ್ಟಕ್ಕೆ ಬಡ್ತಿ ಪಡೆಯುತ್ತದೆ.

ಕಾರ್ಯದರ್ಶಿಯವರ ಅಗತ್ಯ ಇಷ್ಟು. ಹೊಸ ನಾಟಕದಲ್ಲಿ ಹಸ್ತಿನಾವತಿಯ ಆಸ್ಥಾನ ಬರುತ್ತದೆ. ಭೀಷ್ಮ, ದ್ರೋಣ, ಕೃಪ, ವಿದುರ, ಧೃತರಾಷ್ಟ್ರ ಎಲ್ಲರೂ ಒಟ್ಟಿಗೆ ಕೂರುವ ದೃಶ್ಯ. ಎಲ್ಲರಿಗೂ ಉತ್ತರೀಯ ಬೇಕು. ಡ್ರಾಮಾ ಡ್ರೆಸ್ಸಿನ ಅಂಗಡಿಯವರು ಹೇಳಿದ ಬಾಡಿಗೆ ಕೇಳಿ ನಿರ್ದೇಶಕರು ಕೌರವರ ಸಂಖ್ಯೆಯನ್ನು ಇಬ್ಬರಿಗೆ ಇಳಿಸಿದ್ದಾರೆ. ಆದರೂ ಸಾಲದು. ಆಗ ಯಾರಿಗೋ ಹೊಳೆದಿದೆ: ತಂಡದ ಹಿರಿಯರ ಮನೆಗಳಲ್ಲಿ ಸನ್ಮಾನದ ಶಾಲು ರಾಶಿ ಬಿದ್ದಿರುತ್ತವಲ್ಲ!

"ಹನ್ನೊಂದಿವೆ" ಎಂದಳು ನನ್ನಾಕೆ ಒಳಗಿನಿಂದ. ಫೋನು ಸ್ಪೀಕರಿನಲ್ಲಿತ್ತು. "ಆದ್ರೆ ಮಿಕ್ಸಿ ಮೇಲೆ ಮುಚ್ಚಿರೋದನ್ನ ಕೊಡಕ್ಕಾಗಲ್ಲ. ಅದರ ಮೇಲೆ ಚಟ್ನಿ ಕಲೆ ಇದೆ."

ನಾನು ಪ್ರಶಸ್ತಿ ಪುರಸ್ಕೃತನೇನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು, ಸಂಜೆಗಳನ್ನು ಹವ್ಯಾಸಿ ರಂಗಭೂಮಿಗೆ ಕೊಟ್ಟವನು. ಆಡಿದ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ಹೆಸರಿರಲಿಲ್ಲ. ಒಂದನೇ ಕಾವಲುಗಾರ, ಎರಡನೇ ಪ್ರಜೆ, ಮುದುಕ, ಧ್ವನಿ. ಆದರೂ ಹನ್ನೊಂದು ಶಾಲು ಹೇಗೆ ಬಂದವು ಎಂದರೆ, ಅರವತ್ತು ದಾಟಿದ ಮೇಲೂ ನಾಟಕ ನೋಡಲು ಹೋಗುವವನಿಗೆ ಇವು ತಪ್ಪುವುದಿಲ್ಲ. ಒಂದು ಅಂತರಬ್ಯಾಂಕ್ ನಾಟಕ ಸ್ಪರ್ಧೆಗೆ ತೀರ್ಪುಗಾರನಾಗಿದ್ದಕ್ಕೆ. ಎರಡು, ಮುಖ್ಯ ಅತಿಥಿ ಬರಲಿಲ್ಲವೆಂದು ಮೂರನೇ ಸಾಲಿನಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ ವೇದಿಕೆಗೆ ಕರೆದೊಯ್ದಾಗ. ಒಂದು, ನನಗೇ ಇಂದಿಗೂ ತಿಳಿಯದ ಕಾರಣಕ್ಕೆ. ಅದರ ಜೊತೆ ಕೊಟ್ಟ ಅಭಿನಂದನಾ ಪತ್ರದಲ್ಲಿ ಬೇರೆ ಯಾರದೋ ಹೆಸರಿತ್ತು, ಆ ಪುಣ್ಯಾತ್ಮರ ಮನೆಯ ಗೋಡೆಯಲ್ಲಿ ನನ್ನ ಹೆಸರು ತೂಗುತ್ತಿರಬೇಕು. ನಮ್ಮ ಮನೆಗೆಲಸಕ್ಕೆ ಬರುವ ಅಮ್ಮನಿಗೆ ನನ್ನಾಕೆ ಒಮ್ಮೆ ಎರಡು ಶಾಲು ಕೊಡಲು ಹೋದಳು. ಆಕೆ, "ಬ್ಯಾಡಿ ಕಣಮ್ಮ, ನಮ್ಮನೇಲಿ ಇಡಾಕೆ ಜಾಗ ಇಲ್ಲ" ಎಂದರು. ಅವರ ಯಜಮಾನರು ಬೀದಿಯ ಆಟೊ ನಿಲ್ದಾಣದ ಕನ್ನಡ ಸಂಘಕ್ಕೆ ಅಧ್ಯಕ್ಷರು. ಅವರಿಗೆ ಬಂದ ಶಾಲಿನ ಮುಂದೆ ನನ್ನದು ಯಾವ ಲೆಕ್ಕ.

ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ನಾಟಕಗಳಿಗೆ 1947ರಿಂದ ಟೋನಿ ಪ್ರಶಸ್ತಿ ಕೊಡುತ್ತಾರೆ. ಜೂನಿನಲ್ಲಿ ಒಂದು ರಾತ್ರಿ, ಅಲ್ಲಿಗೆ ಆ ವರ್ಷದ ಲೆಕ್ಕ ಚುಕ್ತಾ. ನಮ್ಮದು ಹಾಗಲ್ಲ. ನಮ್ಮ ಪ್ರಶಸ್ತಿಗಳ ಸೀಸನ್ನು ಮಾವಿನ ಹಣ್ಣಿನ ಹಾಗೆ, ಒಂದು ಜಾತಿ ಮುಗಿಯುವ ಹೊತ್ತಿಗೆ ಇನ್ನೊಂದು ಮಾರುಕಟ್ಟೆಗೆ ಬರುತ್ತದೆ. ದಸರಾ ಗೊಂಬೆ ಎತ್ತಿಡುವ ಹೊತ್ತಿಗೆ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಪಿಸುಮಾತು ಶುರು. ಅಕ್ಟೋಬರ್ ಕೊನೆಯಲ್ಲಿ ರಾಜ್ಯೋತ್ಸವದ ಪಟ್ಟಿ. ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ. ನಡುವೆ ಎಂದೋ ಒಂದು ದಿನ ನಾಟಕ ಅಕಾಡೆಮಿಯ ಪಟ್ಟಿ. ಚಳಿಗಾಲದಲ್ಲಿ ಮೈಸೂರು ರಂಗಾಯಣದ ಬಹುರೂಪಿ ನಾಟಕೋತ್ಸವ. ಜನವರಿ 25ರ ಸಂಜೆ ಪದ್ಮ ಪಟ್ಟಿ. ದೆಹಲಿಯ ಸಂಗೀತ ನಾಟಕ ಅಕಾಡೆಮಿಯವರು ಮನಸ್ಸು ಬಂದಾಗ ಎರಡು ಮೂರು ವರ್ಷದ್ದನ್ನು ಒಟ್ಟಿಗೆ ಕೊಡುವುದೂ ಉಂಟು. ಅಲ್ಲಿ ಶಾಲಿನ ಜೊತೆ ತಾಮ್ರಪತ್ರ, ಒಂದು ಲಕ್ಷ ರೂಪಾಯಿ. ಮಾರ್ಚ್ 27ರ ವಿಶ್ವ ರಂಗಭೂಮಿ ದಿನಕ್ಕೆ ಈ ಸುಗ್ಗಿ ಒಂದು ಹಂತಕ್ಕೆ ಬರುತ್ತದೆ. ಅಂದು ಜಗತ್ತಿನ ರಂಗಮಂದಿರಗಳಲ್ಲೆಲ್ಲ ಒಬ್ಬರು ಬರೆದ ಸಂದೇಶ ಓದುವ ರೂಢಿಯಿದೆ. 2002ರಲ್ಲಿ ಅದನ್ನು ಬರೆದವರು ನಮ್ಮ ಗಿರೀಶ ಕಾರ್ನಾಡರು. ಆ ಹೆಮ್ಮೆಯನ್ನು ನಾವು ಪ್ರತಿ ವರ್ಷವೂ ಆ ದಿನ ನೆನೆಸಿಕೊಂಡು ಒಂದೆರಡು ಶಾಲು ಹೊದಿಸುತ್ತೇವೆ.

ರಾಜ್ಯೋತ್ಸವ ಪ್ರಶಸ್ತಿಯ ಲೆಕ್ಕಾಚಾರ ನನಗೆ ಬಹಳ ಇಷ್ಟ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ. 2024ರಲ್ಲಿ 69 ಜನಕ್ಕೆ, 2025ರಲ್ಲಿ 70 ಜನಕ್ಕೆ. ಐದು ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. ಇಂಥ ಆಶಾದಾಯಕ ವ್ಯವಸ್ಥೆ ಬೇರೆಲ್ಲಿದೆ? ಈ ವರ್ಷ ಕೈತಪ್ಪಿತೆಂದು ಯಾರೂ ಕೊರಗಬೇಕಿಲ್ಲ, ಬರುವ ವರ್ಷ ಒಂದು ಜಾಗ ಜಾಸ್ತಿ. ನನ್ನ ಗೆಳೆಯನೊಬ್ಬ ಇದನ್ನೇ ನಂಬಿ ವ್ಯಾಯಾಮ ಶುರು ಮಾಡಿದ್ದಾನೆ. ರಾಜ್ಯಕ್ಕೆ ನೂರು ತುಂಬುವ ತನಕ ಬದುಕಿದ್ದರೆ ನೂರರಲ್ಲಿ ಒಬ್ಬನಾದರೂ ಆಗದೇ ಇರುತ್ತೇನೆಯೇ ಎನ್ನುವುದು ಅವನ ವಾದ. ಅವನ ಹೆಂಡತಿಗೆ ಪ್ರಶಸ್ತಿಯ ಗೌರವದ ಬಗ್ಗೆ ಅಂಥ ಕುತೂಹಲವಿಲ್ಲ. ಪದಕ ಎಷ್ಟು ಕ್ಯಾರೆಟ್ಟಿನದು ಎಂದು ಮಾತ್ರ ಎರಡು ಸಲ ಕೇಳಿದ್ದಾರೆ.

ಅಟ್ಟದಿಂದ ಇಳಿಸಿದ ಶಾಲುಗಳನ್ನು ಹಾಲಿನಲ್ಲಿ ಹರಡಿದೆವು. ಮೆರೂನು, ಕಡುನೀಲಿ, ಗಿಳಿಹಸಿರು. ಒಂದರ ಮಡಿಕೆಯಿಂದ ಶ್ರೀಗಂಧದ ಹಾರದ ಚಕ್ಕೆ ಉದುರಿತು. ಶ್ರೀಗಂಧ ಎಂದು ಹೇಳಿ ಹಾಕುತ್ತಾರೆ. ಮರ ಯಾವುದೋ, ಸೆಂಟು ಯಾವುದೋ. ಮೆರೂನು ಶಾಲನ್ನು ನೋಡಿದ ಕೂಡಲೇ ನನ್ನ ಗದ್ದ ತುರಿಸಿತು. ಅದು ನನ್ನ ಮೊದಲ ಶಾಲು, ಅದರ ಹಿಂದೊಂದು ಗಡ್ಡದ ಕಥೆಯಿದೆ.

ನಮ್ಮ ಬ್ಯಾಂಕಿನ ತಂಡದವರು 'ತುಘಲಕ್' ಆಡಿದ್ದೆವು. ಕಾರ್ನಾಡರು ಅದನ್ನು ಬರೆದದ್ದು 1964ರಲ್ಲಿ, ಅವರಿಗೆ ಇಪ್ಪತ್ತಾರು ವರ್ಷ. ನಾನು ಕಾವಲುಗಾರನಾಗಿ ಅದರಲ್ಲಿ ನಿಂತಾಗ ನನಗೆ ನಲವತ್ತು. ಒಂದೇ ಮಾತು, ಒಂದು ಸಲಾಮು. ಆರೂವರೆಗೆ ನಾಟಕ ಎಂದು ಕರಪತ್ರದಲ್ಲಿತ್ತು. ಮೇಕಪ್ಪಿನವರು ಐದೂವರೆಗೇ ಸ್ಪಿರಿಟ್ ಗಮ್ ಹಚ್ಚಿ, ಕ್ರೇಪ್ ಕೂದಲು ಎಳೆಎಳೆಯಾಗಿ ಅಂಟಿಸಿ, ಕತ್ತರಿಯಲ್ಲಿ ತೀಡಿ, ನನ್ನನ್ನು ದೌಲತಾಬಾದಿಗೆ ಹೊರಡಲು ಸಿದ್ಧ ಮಾಡಿದರು. ಆದರೆ ನಾಟಕಕ್ಕೆ ಮುಂಚೆ "ಸರಳ ಸಮಾರಂಭ"ವಿತ್ತು. ಐವರು ಹಿರಿಯರಿಗೆ ಸನ್ಮಾನ. ಪ್ರಾರ್ಥನೆ, ಸ್ವಾಗತ, ದೀಪ. ದೀಪದ ಬತ್ತಿ ಹೊತ್ತಿಕೊಳ್ಳಲೊಲ್ಲದು, ಫ್ಯಾನು ನಿಲ್ಲಿಸಿದರು. ಫ್ಯಾನು ನಿಂತರೆ ಗಡ್ಡದೊಳಗೆ ಬೆವರು. ನಾನು ಸೈಡ್ ವಿಂಗಿನಲ್ಲಿ ಈಟಿ ಹಿಡಿದು ನಿಂತಿದ್ದೇನೆ. ಮುಖ್ಯ ಅತಿಥಿಗಳು "ನಿಮಗೂ ನಾಟಕಕ್ಕೂ ನಡುವೆ ನಾನು ಹೆಚ್ಚು ಹೊತ್ತು ನಿಲ್ಲೋದಿಲ್ಲ" ಎಂದು ಶುರು ಮಾಡಿದರು. ಈ ಮಾತು ಕೇಳಿದ ಅನುಭವಿಗಳು ಎದ್ದು ಕಾಫಿಗೆ ಹೋಗುತ್ತಾರೆ. ಅವರು ಭರತಮುನಿಯಿಂದ ಹೊರಟು ಏಳೂಕಾಲಿಗೆ ಕೈಲಾಸಂವರೆಗೆ ಬಂದರು. ಎಂಟಕ್ಕೆ ಐದು ನಿಮಿಷವಿರುವಾಗ ಗಡ್ಡದ ಎಡಭಾಗ ಕಿವಿಯ ಹತ್ತಿರದಿಂದ ಮೆಲ್ಲಗೆ ಬಿಟ್ಟುಕೊಂಡಿತು.

ಮೇಕಪ್ಪಿನವರು ಗಮ್ಮಿನ ಬಾಟಲಿ ಮುಚ್ಚಿ ಊಟಕ್ಕೆ ಹೋಗಿದ್ದರು. ಮೂರನೇ ಬೆಲ್ಲು ಹೊಡೆದೇಬಿಟ್ಟಿತು. ನಾನು ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗದ್ದ ಹಿಡಿದುಕೊಂಡೇ ರಂಗಕ್ಕೆ ಹೋದೆ. ಸಲಾಮು ಮಾಡಲು ಮೂರನೇ ಕೈಯಿರಲಿಲ್ಲ, ತಲೆ ಬಗ್ಗಿಸಿದೆ. ನಾಟಕ ಮುಗಿದ ಮೇಲೆ ಹಿರಿಯ ವಿಮರ್ಶಕರೊಬ್ಬರು ಗ್ರೀನ್ ರೂಮಿಗೆ ಬಂದು, ಗದ್ದಕ್ಕೆ ಕೈಯಿಟ್ಟು ನಿಂತ ಆ ಕಾವಲುಗಾರನಲ್ಲಿ ಇಡೀ ಸಾಮ್ರಾಜ್ಯದ ಚಿಂತೆ ಮಡುಗಟ್ಟಿತ್ತು ಎಂದರು. ಮುಂದಿನ ವರ್ಷ ಬ್ಯಾಂಕಿನ ರಾಜ್ಯೋತ್ಸವದಲ್ಲಿ ನನಗೆ ಮೆರೂನು ಶಾಲು.

ಆದ್ದರಿಂದ ರಂಗಶಂಕರದ ಶಿಸ್ತಿನ ಬಗ್ಗೆ ಯಾರಾದರೂ ಗೊಣಗಿದರೆ ನಾನು ಅವರ ಪಕ್ಷ ವಹಿಸುವುದಿಲ್ಲ. ಶಂಕರನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು 2004ರಲ್ಲಿ ಜೆ.ಪಿ. ನಗರದಲ್ಲಿ ಕಟ್ಟಿದ ಮಂದಿರ ಅದು. ಏಳೂವರೆ ಎಂದರೆ ಏಳೂವರೆ, ತಡವಾಗಿ ಬಂದವರಿಗೆ ಬಾಗಿಲಿಲ್ಲ. ಒಮ್ಮೆ ನಾನೇ ಬಸ್ಸಿಳಿದು ಓಡಿ ಬಂದರೂ ಏಳು ಮೂವತ್ತೆರಡಾಗಿತ್ತು. ತಪ್ಪು ನನ್ನದೇ, ಹೊರಡುವ ಮುಂಚೆ ಇನ್ನೊಂದು ದೋಸೆ ಹಾಕಿಸಿಕೊಂಡಿದ್ದೆ. ನನ್ನ ಜೊತೆ ಹೊರಗುಳಿದವರಲ್ಲಿ ಆ ವರ್ಷ ದೊಡ್ಡ ಪ್ರಶಸ್ತಿ ಪಡೆದವರೊಬ್ಬರಿದ್ದರು. ಅವರು ಬಾಗಿಲ ಹತ್ತಿರದ ಹುಡುಗನಿಗೆ ತಮ್ಮ ಪರಿಚಯ ಹೇಳಿಕೊಂಡರು. ಹುಡುಗ ಬಹಳ ಗೌರವದಿಂದ ಎದ್ದು ನಿಂತು, ಕೈಮುಗಿದು, "ನಾಳೆ ಬನ್ನಿ ಸಾರ್" ಎಂದ. ನಾವಿಬ್ಬರೂ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದೆವು. ಒಳಗಿಂದ ಆಗಾಗ ನಗೆ ಕೇಳಿಬರುತ್ತಿತ್ತು. "ಏನಕ್ಕೆ ನಗ್ತಿದಾರೋ" ಎಂದು ಅವರು ಬೇಸರಪಟ್ಟರು.

ಮೈಸೂರು ಪೇಟದ್ದೂ ಒಂದು ಮಾತು ಹೇಳಬೇಕು. ಅದು ತಲೆಗೆ ಸುತ್ತುವುದಲ್ಲ, ಸುತ್ತಿಟ್ಟ ಟೋಪಿ; ಸಿದ್ಧ ಅಳತೆ. ನಾನು ಕಣ್ಣಾರೆ ಕಂಡ ಒಂದು ಸಮಾರಂಭದಲ್ಲಿ ಏಳು ಜನಕ್ಕೆ ಸನ್ಮಾನ, ಪೇಟ ಒಂದೇ. ಮೊದಲನೆಯವರಿಗೆ ತೊಡಿಸಿ, ಫೋಟೊ ಆದ ಕೂಡಲೇ ಸ್ವಯಂಸೇವಕನೊಬ್ಬ ಹಿಂದಿನಿಂದ ಬಂದು ನವಿರಾಗಿ ಎತ್ತಿ ಎರಡನೆಯವರ ತಲೆಗೆ ದಾಟಿಸುತ್ತಿದ್ದ. ಮೂರನೆಯವರು ಬೊಕ್ಕತಲೆಯ ಸಣ್ಣ ದೇಹದವರು, ಪೇಟ ಹುಬ್ಬಿನವರೆಗೆ ಇಳಿಯಿತು. ಐದನೆಯವರು ತೊಗಲುವಾದ್ಯ ಬಾರಿಸುವ ಜನಪದ ಕಲಾವಿದರು, ದಟ್ಟ ಗುಂಗುರು ಕೂದಲು. ಅದರ ಮೇಲೆ ಪೇಟ ಕೂರದೆ ಹಕ್ಕಿಗೂಡಿನಂತೆ ವಾಲಾಡಿತು. ಏಳನೆಯವರು ಮಾತ್ರ ಜಾಣರು. ಪೇಟ ತಲೆಗೆ ಬಿದ್ದದ್ದೇ ತಡ, ಎರಡೂ ಕೈಯಲ್ಲಿ ಅದುಮಿಕೊಂಡು ಹಾಗೇ ಮನೆಗೆ ಹೋದರು. ಹಣ್ಣಿನ ಬುಟ್ಟಿಯ ವಿಷಯ ಬೇಡ. ಮೇಲೆ ಎರಡು ಸೇಬು, ಒಂದು ದಾಳಿಂಬೆ, ಬಣ್ಣದ ಸೆಲೋಫೇನು. ಒಳಗೆ ಭತ್ತದ ಹುಲ್ಲು.

ಹಿಂದೆ ಹೀಗಿರಲಿಲ್ಲ ಎನ್ನಲು ನನಗೆ ಧೈರ್ಯ ಸಾಲದು. ವೃತ್ತಿ ಕಂಪನಿಗಳ ಕಾಲದ ಫೋಟೊಗಳಲ್ಲಿ ಜರತಾರಿ ಅಂಗಿ ತೊಟ್ಟ ನಟರ ಎದೆಯ ಮೇಲೆ ಪದಕಗಳ ಸಾಲೇ ಕಾಣಿಸುತ್ತದೆ. ಹಾಡಿಗೆ ತಲೆದೂಗಿದ ಸಾಹುಕಾರರು, ಅಮಲ್ದಾರರು ಕೊಟ್ಟವು. ಬಿರುದುಗಳೂ ಧಾರಾಳ. ವರದಾಚಾರ್ಯರು ನಾಟಕ ಶಿರೋಮಣಿ, ಗುಬ್ಬಿ ವೀರಣ್ಣನವರು ನಾಟಕರತ್ನ. ರಂಗದ ಮೇಲೆ ಆನೆ ಕುದುರೆ ತಂದು 'ಕುರುಕ್ಷೇತ್ರ' ಆಡಿಸಿದ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡದ್ದೂ ಅದೇ ವರ್ಷ. ನಮ್ಮ ಪ್ರಶಸ್ತಿಗಳು ಬಸ್ ನಿಲ್ದಾಣದಲ್ಲಿ ಕಡೇ ಬಸ್ಸು ಬಂದ ಹಾಗೆ ಬರುತ್ತವೆ.

ಹಳ್ಳಿಗಳಲ್ಲಿ ಮಾತ್ರ ತಡಮಾಡುವ ಪದ್ಧತಿಯಿಲ್ಲ, ಕೊಡುವುದನ್ನು ನಾಟಕ ನಡೆಯುತ್ತಿರುವಾಗಲೇ ಕೊಟ್ಟುಬಿಡುತ್ತಾರೆ. ನನ್ನ ಅತ್ತೆಯ ಮನೆ ಮಂಡ್ಯದ ಕಡೆ. ಅಲ್ಲಿ ಇವತ್ತಿಗೂ ಹಾರ್ಮೋನಿಯಂ ಮೇಷ್ಟ್ರನ್ನಿಟ್ಟುಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿ 'ಕುರುಕ್ಷೇತ್ರ' ಆಡುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು, ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಗಿರಾಕಿ ಹೆಚ್ಚಾದರೆ ಮೇಷ್ಟ್ರು ಒಂದೇ ನಾಟಕದಲ್ಲಿ ಇಬ್ಬರು ಮೂವರು ದುರ್ಯೋಧನರಿಗೆ ದೃಶ್ಯ ಹಂಚುತ್ತಾರೆ. ನನ್ನ ಭಾವಮೈದ ಎರಡನೇ ದುರ್ಯೋಧನ. ಅವನು ಗದೆ ಹೊತ್ತು ಪ್ರವೇಶಿಸಿದ ಕೂಡಲೇ ಹಾಡು ಶುರುವಾಗಬೇಕು. ಆಗಲಿಲ್ಲ. ಮೊದಲು ಡೈರಿ ಸಂಘದವರು ಹತ್ತಿ ಹಾರ ಹಾಕಿದರು. ಆಮೇಲೆ ಅವನ ಷಡ್ಡಕ ನೋಟಿನ ಹಾರ ತಂದ. ಆಮೇಲೆ ಅತ್ತೆ ಮಾವ, ಮಗಳು ಅಳಿಯ, ಬೈಕಿನ ಶೋರೂಮಿನ ಗೆಳೆಯರು. ಮೇಷ್ಟ್ರು ಶ್ರುತಿ ಬಿಡದೆ ಹಿಡಿದುಕೊಂಡೇ ಕೂತಿದ್ದರು. ಹಾರದ ರಾಶಿಯಲ್ಲಿ ದುರ್ಯೋಧನನ ಕಿರೀಟದ ತುದಿ ಮಾತ್ರ ಕಾಣುತ್ತಿತ್ತು. ಇತ್ತ ವಿದುರನ ಪಾತ್ರದವನು, ಪಾಪ, ಕಡಿಮೆ ದುಡ್ಡಿನ ಪಾತ್ರ, ಒಂದು ಮಾರು ಸೇವಂತಿಗೆಯೂ ಇಲ್ಲದೆ ನಿಂತಿದ್ದ. ನನ್ನಾಕೆ ನನ್ನ ಕಿವಿಯಲ್ಲಿ, "ನೀವಾದ್ರೂ ಹೋಗಿ ಒಂದು ಹಾಕ್ಬಾರ್ದೇನ್ರೀ" ಎಂದಳು. ಹೋಗಿ ನನ್ನ ಹೆಗಲ ಮೇಲಿದ್ದ ಟವಲನ್ನೇ ಹೊದಿಸಿದೆ. ಆಮೇಲೆ ಆ ವಿದುರ ಮಹಾಭಾರತದ ಯಾವ ವಿದುರನೂ ಹಾಡದ ಹಾಗೆ ಹಾಡಿದ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ಆಯೇರಿ ಎನ್ನುತ್ತಾರೆ. ಮದುವೆಯಲ್ಲಿ ಮಾಡುವ ಹಾಗೆ ಆಟದಲ್ಲೂ. ನಾನು ಬ್ಯಾಂಕಿನ ಕೆಲಸದ ಮೇಲೆ ಬಾಗಲಕೋಟೆ ಕಡೆ ಇದ್ದಾಗ ನೋಡಿದ್ದು: ದುಶ್ಶಾಸನ ದ್ರೌಪದಿಯ ಸೆರಗಿಗೆ ಕೈಹಾಕಿದ್ದಾನೆ, ಜನ ಉಸಿರು ಬಿಗಿಹಿಡಿದಿದ್ದಾರೆ, ಆಗ ಮೈಕು, "ದುಶ್ಶಾಸನನ ಪಾತ್ರ ಮೆಚ್ಚಿ ಊರ ಗೌಡ್ರು ನೂರಾ ಒಂದು ರೂಪಾಯಿ ಆಯೇರಿ ಮಾಡ್ಯಾರ!" ಎಂದಿತು. ದುಶ್ಶಾಸನ ಸೆರಗು ಬಿಟ್ಟು ಬಂದು ಬಗ್ಗಿ ನಿಂತ, ಯಾರೋ ನೋಟನ್ನು ಪಿನ್ನಿನಿಂದ ಎದೆಗೆ ಚುಚ್ಚಿದರು, ಗೌಡರಿಗೆ ಕೈಮುಗಿದ, ಹೋಗಿ ಮತ್ತೆ ಸೆರಗು ಹಿಡಿದ. ಅಷ್ಟು ಹೊತ್ತು ದ್ರೌಪದಿ ಅಳುವುದನ್ನು ನಿಲ್ಲಿಸಿ ವೀಳ್ಯದೆಲೆ ಹಾಕಿಕೊಂಡಳು. ದುಷ್ಟನ ಪಾತ್ರಕ್ಕೆ ಇಷ್ಟು ಬೇಗ, ಇಷ್ಟು ನೇರವಾಗಿ ಮನ್ನಣೆ ಕೊಡುವ ಆಯ್ಕೆ ಸಮಿತಿಯನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ.

ಬಾದಾಮಿ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ಹೊತ್ತಿಗೆ ಸಾಲಾಗಿ ಕ್ಯಾಂಪು ಹಾಕುವ ನಾಟಕ ಕಂಪನಿಗಳದು ಇನ್ನೂ ನೇರ. ಅಲ್ಲಿ ತಗಡಿನ ಥಿಯೇಟರಿನ ಮುಂದೆ ನೇತಾಡುವ "ಹೌಸ್‌ಫುಲ್" ಬೋರ್ಡೇ ತಾಮ್ರಪತ್ರ. ನಾಟಕಗಳ ಹೆಸರನ್ನು ಮನೆಯಲ್ಲಿ ಹಿರಿಯರ ಮುಂದೆ ಜೋರಾಗಿ ಹೇಳಲಾಗದು, ಆದರೆ ಹಿರಿಯರೇ ಮುಂದಿನ ಸಾಲಿನಲ್ಲಿ ಸಿಗುತ್ತಾರೆ.

ನನ್ನನ್ನು ಕೇಳಿದರೆ, ಕನ್ನಡ ರಂಗಭೂಮಿ ಕೊಡುವ ದೊಡ್ಡ ಪ್ರಶಸ್ತಿ ಹೆಸರಿಗೆ ಅಂಟಿಕೊಳ್ಳುವಂಥದ್ದು. ಚಂದ್ರಶೇಖರ್ ಎಂಬ ನಟರು 1980ರಲ್ಲಿ ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' ನಾಟಕದಲ್ಲಿ ಮುಖ್ಯಮಂತ್ರಿಯ ಪಾತ್ರ ಮಾಡಬೇಕಿದ್ದವರಲ್ಲ. ಮಾಡಬೇಕಿದ್ದ ಲೋಹಿತಾಶ್ವ ಅವರಿಗೆ ಆರೋಗ್ಯ ಕೆಟ್ಟು ಇವರಿಗೆ ಬಂತು. ಬಂದದ್ದು ಹೋಗಲೇ ಇಲ್ಲ, ಮುಖ್ಯಮಂತ್ರಿ ಚಂದ್ರು ಆದರು. ಅತ್ತ ವಿಧಾನಸೌಧದಲ್ಲಿ ಗುಂಡೂರಾಯರಿಂದ ಹಿಡಿದು ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಹೋದವರೇ ಮತ್ತೆ ಬಂದರು. ಕಲಾಕ್ಷೇತ್ರದ ಮುಖ್ಯಮಂತ್ರಿಗೆ ಅವಿಶ್ವಾಸ ನಿರ್ಣಯದ ಕಾಟವಿಲ್ಲ.

ಕಲಾಕ್ಷೇತ್ರ ಎಂದಾಗ ಅದರ ಹಿಂಭಾಗ ನೆನಪಾಗುತ್ತದೆ. ಮುಂದಿನ ಸಭಾಂಗಣದಲ್ಲಿ ಬಿರುದು ಪಟ್ಟ ನಡೆಯುತ್ತಿರುವಾಗ, ಸಭಿಕರು ಹೆಚ್ಚಾಗಿ ಇರುವುದು ಹಿಂದಿನ ಬಯಲು ರಂಗಮಂದಿರದ ಆಸುಪಾಸಿನಲ್ಲಿ, ಚಹಾದ ಲೋಟ ಹಿಡಿದು. ಆ ಬಯಲಿಗೆ ಇಟ್ಟಿರುವುದು ನಾಟಕಕಾರ ಸಂಸರ ಹೆಸರು. ಮೈಸೂರು ಅರಸರ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದರಂತೆ, ನಮಗೆ ಉಳಿದದ್ದು ಆರು. ಯಾರೋ ಬೆನ್ನು ಹತ್ತಿದ್ದಾರೆಂಬ ಭಯದಲ್ಲೇ ಊರೂರು ಅಲೆದು 1939ರಲ್ಲಿ ತಾವೇ ಜೀವ ಕಳೆದುಕೊಂಡರು. ಆ ಆರರಲ್ಲಿ ಒಂದರ ಹೆಸರು 'ಬಿರುದೆಂತೆಂಬರ ಗಂಡ'. ಬಿರುದು ಹೇಳಿಕೊಂಡು ಮೆರೆಯುವವರಿಗೆಲ್ಲ ಗಂಡ ಎಂದು ಅರ್ಥ. ಅದೂ ಒಂದು ಬಿರುದೇ! ಆ ಬಯಲಿನ ಕಲ್ಲಿನ ಮೇಲೆ ಕೂತು ಒಳಗಿನ ಮೈಕಿನಲ್ಲಿ ಯಾರದೋ ಬಿರುದಾವಳಿ ಕೇಳುವುದು ನನಗೆ ಒಳಗೆ ಕೂತು ಕೇಳುವುದಕ್ಕಿಂತ ಹಿತ.

ಎಲ್ಲ ಪ್ರಶಸ್ತಿಯನ್ನೂ ಹೀಗೆ ಗೇಲಿ ಮಾಡಿ ಮುಗಿಸಲು ಆಗುವುದಿಲ್ಲ ಅನ್ನುವುದೇ ನನ್ನ ತೊಂದರೆ. 2021ರ ನವೆಂಬರಿನಲ್ಲಿ ಜನಪದ ಕಲಾವಿದೆ ಜೋಗತಿ ಮಂಜಮ್ಮ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಬಂದದ್ದನ್ನು ಟಿವಿಯಲ್ಲಿ ನೋಡಿದೆ. ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗಿನ ತುದಿ ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದರು. ಕಾವಲಿನವರು ಅರೆಕ್ಷಣ ತಬ್ಬಿಬ್ಬಾದ ಹಾಗಿತ್ತು, ಕೋವಿಂದರು ಮಾತ್ರ ನಗುತ್ತ ನಿಂತರು. ಅಷ್ಟು ದೊಡ್ಡ ಮನೆಯಲ್ಲಿ ಅಷ್ಟು ದಿನ ಯಾರೂ ಅವರ ದೃಷ್ಟಿ ತೆಗೆದಿರಲಿಲ್ಲವೋ ಏನೋ. 2025ರಲ್ಲಿ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುವ ಅಜ್ಜಿ, ಆಗ 96 ವರ್ಷ. ಪರದೆಯ ಹಿಂದೆ ಕೂತು ರಾಮನನ್ನೂ ರಾವಣನನ್ನೂ ಬೆಳಕಿಗೆ ಹಿಡಿದವರನ್ನು ಪರದೆಯ ಮುಂದೆ ಕರೆಯಲು ಇಷ್ಟು ವರ್ಷ ಹಿಡಿಯಿತು. ನನ್ನಾಕೆ ಆ ಸುದ್ದಿ ಓದಿ, "ಆ ವಯಸ್ಸಲ್ಲಿ ದಿಲ್ಲಿಗೆ ಹೋಗಿಬರೋದೇ ಒಂದು ಪ್ರಶಸ್ತಿ ಕೊಡೋವಂಥ ಕೆಲಸ" ಎಂದಳು.

ಅದೇ ವರ್ಷದ ಸೀಸನ್ನು ಶುರುವಾಗುವ ಹೊತ್ತಿಗೆ ಎರಡು ನಗೆಗಳು ಹೋದವು. ಸೆಪ್ಟೆಂಬರ್ ಕೊನೆಯಲ್ಲಿ ಯಶವಂತ ಸರದೇಶಪಾಂಡೆ, ಅಕ್ಟೋಬರ್ ನಡುವೆ ರಾಜು ತಾಳಿಕೋಟೆ. ಒಬ್ಬರು ನೀನಾಸಂನಲ್ಲಿ ಕಲಿತವರು, ಇನ್ನೊಬ್ಬರು ಕಂಪನಿಯ ಹಲಗೆಯ ಮೇಲೆ ಬೆಳೆದವರು. ಸರದೇಶಪಾಂಡೆಯವರ 'ಆಲ್ ದಿ ಬೆಸ್ಟ್' ಮರಾಠಿಯಿಂದ ಬಂದದ್ದು. ಕುರುಡ, ಕಿವುಡ, ಮೂಗ ಮೂವರೂ ಒಬ್ಬಳೇ ಹುಡುಗಿಯ ಹಿಂದೆ ಬಿದ್ದ ಕಥೆ. ಹುಬ್ಬಳ್ಳಿ ಮಾತಿನಲ್ಲಿ ಅದನ್ನು ಕೇಳಿ ನನ್ನ ಪಕ್ಕದ ಸೀಟಿನ ಮಂಗಳೂರಿನವರು ಅರ್ಥವಾಗದೆಯೇ ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡಿದ್ದರು. ರಾಜು ತಾಳಿಕೋಟೆಯವರ 'ಕಲಿಯುಗದ ಕುಡುಕ' ಕ್ಯಾಸೆಟ್ಟಾಗಿ ಬಸ್ಸು, ಟ್ರ್ಯಾಕ್ಟರು, ಚಹಾದಂಗಡಿ ಎಲ್ಲ ಹೊಕ್ಕಿತ್ತು. ಕಂಪನಿ ನಾಟಕದ ಕುಡುಕನ ಪಾತ್ರಕ್ಕೆ ಹೆಸರಾದ ಮನುಷ್ಯ ಕೊನೆಗೆ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಬಾಗಲಕೋಟೆಯಲ್ಲಿದ್ದಾಗ ನಮ್ಮ ಬ್ರಾಂಚಿನ ಜವಾನ ಆ ಕ್ಯಾಸೆಟ್ಟನ್ನು ಎರಡೂ ಮಗ್ಗುಲು ಬಾಯಿಪಾಠ ಒಪ್ಪಿಸುತ್ತಿದ್ದ, ಟೇಪು ಸಿಕ್ಕಿಕೊಂಡು ಎಳೆಯುವ ಸದ್ದಿನ ಸಮೇತ.

ಸರಿ, ಶಾಲಿಗೆ ಬರೋಣ. ಹನ್ನೊಂದರಲ್ಲಿ ಮಿಕ್ಸಿಯದನ್ನು ಬಿಟ್ಟು ಹತ್ತು ಶಾಲು ಕಾರ್ಯದರ್ಶಿಯ ಸ್ಕೂಟರಿನಲ್ಲಿ ಹೋದವು. ನಾಟಕದ ದಿನ ಮೂರನೇ ಸಾಲಿನಲ್ಲಿ ಕೂತು ನೋಡಿದೆ. ಪರದೆ ಸರಿದು ನೀಲಿ ಬೆಳಕಿನಲ್ಲಿ ಹಸ್ತಿನಾವತಿ ಕಂಡಾಗ ಮೈ ಜುಮ್ಮೆಂದಿತು. ಭೀಷ್ಮರ ಹೆಗಲ ಮೇಲೆ ನನ್ನ ತೀರ್ಪುಗಾರಿಕೆ. ದ್ರೋಣರು ಹೊದ್ದದ್ದು ಬಾರದ ಮುಖ್ಯ ಅತಿಥಿಯದು. ನಡುವೆ ಸಿಂಹಾಸನದಲ್ಲಿ ಮೆರೂನು ಹೊದ್ದ ಧೃತರಾಷ್ಟ್ರ. ಅಟ್ಟದಲ್ಲಿ ಏನೂ ಅಲ್ಲದ ಜರಿ, ಲೈಟು ಬಿದ್ದರೆ ಅರಸೊತ್ತಿಗೆಯಾಗುತ್ತದೆ. ನನ್ನಾಕೆಗೆ ಮಾತ್ರ ನಾಟಕದ ಮೇಲೆ ಗಮನವೇ ಇರಲಿಲ್ಲ. "ಆ ವಿದುರ ನೋಡ್ರೀ, ಹೊಸ ಶಾಲನ್ನ ನೆಲಕ್ಕೆ ತಾಗಿಸ್ತಿದಾನೆ" ಎಂದು ಚಡಪಡಿಸುತ್ತಿದ್ದಳು.

ನಾಟಕ ಮುಗಿದ ಮೇಲೆ ಸನ್ಮಾನ. ನಮ್ಮ ತಂಡ ಅಷ್ಟರಮಟ್ಟಿಗೆ ಸುಧಾರಿಸಿದೆ, ಮುಂಚೆ ಇಡುವುದಿಲ್ಲ. ಕಂಪನಿಗಳಲ್ಲಿ ಐವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಮೇಷ್ಟ್ರೊಬ್ಬರನ್ನು ಹುಡುಕಿ ಕರೆತಂದಿದ್ದರು. ಎಂಬತ್ತರ ಮೇಲಾಗಿತ್ತು. ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಪೇಟ ಇಟ್ಟು, "ಈಗ ಶಾಲು" ಎಂದು ನಿರೂಪಕಿ ಎರಡು ಸಲ ಹೇಳಿದರೂ ಶಾಲು ಬರಲಿಲ್ಲ. ಕಾರ್ಯದರ್ಶಿಯವರ ಮುಖ ಬಿಳಿಚಿತ್ತು. ಶಾಲಿನ ಚೀಲ ಆಟೊದಲ್ಲೇ ಉಳಿದುಹೋಗಿತ್ತು. ವೇದಿಕೆಯ ಹಿಂದೆ ನಟರು ಸಾಲಾಗಿ ನಿಂತಿದ್ದರು, ವೇಷ ಕಳಚಿರಲಿಲ್ಲ. ಕಾರ್ಯದರ್ಶಿ ಒಂದು ಕ್ಷಣ ಆ ಕಡೆ ಈ ಕಡೆ ನೋಡಿ, ಧೃತರಾಷ್ಟ್ರನ ಹೆಗಲಿನಿಂದ ಮೆರೂನು ಶಾಲನ್ನು ಎಳೆದುಕೊಂಡು ಬಂದು ಮೇಷ್ಟ್ರಿಗೆ ಹೊದಿಸಿಯೇಬಿಟ್ಟರು. ಸಭೆಯಲ್ಲಿ ಚಪ್ಪಾಳೆ. ಮೇಷ್ಟ್ರು ಶಾಲಿನ ಅಂಚನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದರು. ಬೆವರು, ಪ್ಯಾನ್‌ಕೇಕು, ಸ್ಪಿರಿಟ್ ಗಮ್ಮು. ಆಮೇಲೆ ಅದನ್ನು ಕತ್ತಿನ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಫೋಟೊ ಆದ ಮೇಲೂ ಬಿಡದೆ, ಊಟದ ಸಾಲಿನಲ್ಲೂ ಹಾಗೇ ನಿಂತು, ಹಾಗೇ ಮನೆಗೆ ಹೋದರು.

ಮಾರನೆಯ ಬೆಳಗ್ಗೆ ಏಳಕ್ಕೆ ಮತ್ತೆ ಫೋನು. "ಸಾರ್, ಭಾನುವಾರ ಶಿವಮೊಗ್ಗದಲ್ಲಿ ಶೋ. ಧೃತರಾಷ್ಟ್ರನಿಗೆ ಉತ್ತರೀಯ ಇಲ್ಲ. ಮೇಷ್ಟ್ರ ಹತ್ರ ವಾಪಸ್ ಕೇಳೋದು ಚೆನ್ನಾಗಿರಲ್ಲ. ಏನ್ಮಾಡೋದು?"

ನಾನು ಯೋಚಿಸುತ್ತಿರುವಾಗಲೇ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

"ಇದನ್ನೇ ತೊಗೊಂಡು ಹೋಗಕ್ಕೆ ಹೇಳಿ" ಎಂದಳು ನನ್ನಾಕೆ. "ಚಟ್ನಿ ಕಲೆ ಇದ್ರೇನಂತೆ, ಅವನಿಗೆ ಹೇಗಿದ್ರೂ ಕಣ್ಣು ಕಾಣಲ್ವಲ್ಲ."